ಓದುಗರ ಪ್ರಶ್ನೆ: ಕೋಳಿಯೊಳಗಿನ ಕಾವಲು, ನಮ್ಮೊಳಗಿನ ಕಾವಲು

ಕಳೆದ ಸಂಚಿಕೆಯಲ್ಲಿ ನಾಟಿ ಕೋಳಿಗಳಿಗೆ ಲಸಿಕೆ ಹಾಕಿಸುವ ವಿಚಾರ ಬರೆಯುತ್ತಾ, ‘ಕೋಳಿಗೂ ನಮ್ಮ ಹಾಗೇ ಬಿ ಸೆಲ್, ಟಿ ಸೆಲ್ ಇವೆ, ಆದರೆ ಅವು ತಯಾರಾಗುವ ಜಾಗ ಬೇರೆ’ ಅಂತ ಒಂದು ಸಾಲು ಬರೆದು ಮುಂದೆ ಹೋಗಿದ್ದೆ. (ಬಿ ಸೆಲ್, ಟಿ ಸೆಲ್ ಅಂದರೆ ರೋಗಾಣುಗಳ ವಿರುದ್ಧ ಹೋರಾಡುವ ಎರಡು ಬಗೆಯ ಬಿಳಿ ರಕ್ತಕಣಗಳು.) ಆ ಒಂದು ಸಾಲು ಹಿಡಿದುಕೊಂಡೇ ಎಷ್ಟೊಂದು ಜನ ಪತ್ರ ಬರೆದಿದ್ದೀರಿ. ನನಗೆ ತುಂಬಾ ಖುಷಿಯಾಯಿತು. ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಮೇಡಂ, ನಮ್ಮ ಗೈಡಿನಲ್ಲಿ ಬಿ ಸೆಲ್‌ನ ‘ಬಿ’ ಅಂದರೆ ಬೋನ್ ಮ್ಯಾರೋ ಎಂದಿದೆ. ನಮ್ಮ ಲೆಕ್ಚರರ್ ಅದು ಬರ್ಸಾ, ಕೋಳಿಯ ಒಂದು ಅಂಗ ಅಂತಾರೆ. ಯಾವುದು ಸರಿ? – ಪಿಯುಸಿ ವಿದ್ಯಾರ್ಥಿನಿ, ಹಾಸನ

ನಿಮ್ಮ ಲೆಕ್ಚರರ್ ಹೇಳಿದ್ದೇ ಸರಿ. ‘ಬಿ’ ಅಕ್ಷರ ಬಂದಿದ್ದು ಬರ್ಸಾದಿಂದ. ನಮ್ಮಲ್ಲಿ ಆ ಕೆಲಸ ಮೂಳೆ ಮಜ್ಜೆಯಲ್ಲಿ ನಡೆಯುತ್ತದೆ ಅಂತ ಆಮೇಲೆ ಗೊತ್ತಾಯಿತು. ಇಂಗ್ಲಿಷಿನಲ್ಲಿ ಅದರ ಹೆಸರೂ ‘ಬಿ’ ಇಂದಲೇ ಶುರುವಾಗೋದು ಆಕಸ್ಮಿಕ, ಅಷ್ಟೇ.

ಬರ್ಸಾ ಅಂದರೆ ಚೀಲ. ಕೋಳಿಯ ಬಾಲದ ಕೆಳಗೆ ಹಿಕ್ಕೆ ಹಾಕುವ ದ್ವಾರ ಇದೆಯಲ್ಲ, ಅದರ ಒಳಗೆ, ಬೆನ್ನಿನ ಕಡೆಗೆ ಅಂಟಿಕೊಂಡಿರುತ್ತದೆ. ನಾನು ಮೊದಲ ಸಲ ಅದನ್ನು ನೋಡಿದ್ದು ಕಾಲೇಜಿನಲ್ಲಿ, ಐದು ವಾರದ ಬ್ರಾಯ್ಲರ್ ಮರಿಯನ್ನು ಕೊಯ್ದಾಗ. ಚಿಕ್ಕ ನೆಲ್ಲಿಕಾಯಿಯಷ್ಟು ದಪ್ಪ, ಕೆನೆ ಬಣ್ಣ, ಬೆರಳಿಗೆ ಮೆತ್ತಗೆ. ನಡುವೆ ಸೀಳಿದರೆ ಒಳಗೆ ಟೊಳ್ಳು, ಆ ಟೊಳ್ಳಿನೊಳಗೆ ಮಡಿಸಿಟ್ಟ ಸೀರೆಯ ನೆರಿಗೆಯ ಹಾಗೆ ಉದ್ದುದ್ದ ಮಡಿಕೆಗಳು. ಆ ಒಂದೊಂದು ಮಡಿಕೆಯಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ಗೂಡುಗಳು ಒತ್ತೊತ್ತಾಗಿ ತುಂಬಿರುತ್ತವೆ, ಒಂದು ಬರ್ಸಾದಲ್ಲಿ ಸುಮಾರು 10,000. ಬಿ ಸೆಲ್‌ಗಳು ಬೆಳೆದು ಪಾಠ ಕಲಿಯುವುದು ಆ ಗೂಡುಗಳಲ್ಲಿ.

ಇದನ್ನು ಮೊದಲು ವಿವರಿಸಿದವರು ಇಟಲಿಯ ಪಡುವಾದಲ್ಲಿ ಅಂಗರಚನೆ ಕಲಿಸುತ್ತಿದ್ದ ಫ್ಯಾಬ್ರಿಸಿಯಸ್. ಅವರು ತೀರಿಕೊಂಡ ಮೇಲೆ, 1621ರಲ್ಲಿ, ಆ ಬರಹ ಅಚ್ಚಾಯಿತು. ಹೇಟೆಯ ದೇಹದಲ್ಲಿ ಹುಂಜದ ವೀರ್ಯ ಕೂಡಿಡುವ ಚೀಲ ಇದು ಅಂತ ಅವರು ತಿಳಿದಿದ್ದರು. ಆಮೇಲೆ ಮುನ್ನೂರಕ್ಕೂ ಹೆಚ್ಚು ವರ್ಷ ಇದರ ನಿಜವಾದ ಕೆಲಸ ಯಾರಿಗೂ ಗೊತ್ತಾಗಲಿಲ್ಲ.

1950ರ ದಶಕದಲ್ಲಿ ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಗ್ಲಿಕ್ ಎಂಬ ವಿದ್ಯಾರ್ಥಿ ಮರಿಗಳ ಬರ್ಸಾ ತೆಗೆದು ಏನಾಗುತ್ತದೆ ಅಂತ ನೋಡುತ್ತಿದ್ದ. ಮರಿಗಳು ಚೆನ್ನಾಗಿಯೇ ಬೆಳೆದವು. ಏನೂ ವ್ಯತ್ಯಾಸ ಕಾಣಲಿಲ್ಲ. ಇನ್ನೊಬ್ಬ ವಿದ್ಯಾರ್ಥಿ ಟಿಮೊತಿ ಚಾಂಗ್‌ಗೆ ತರಗತಿಯಲ್ಲಿ ಒಂದು ಪ್ರಯೋಗ ತೋರಿಸಬೇಕಿತ್ತು. ಕೋಳಿಗೆ ಸಾಲ್ಮೊನೆಲ್ಲಾ ಎಂಬ ರೋಗಾಣು ಚುಚ್ಚಿ ಅದರ ರಕ್ತದಲ್ಲಿ ಪ್ರತಿಕಾಯ (ರೋಗಾಣುವಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರೋಟೀನು) ಹುಟ್ಟಿದ್ದನ್ನು ತೋರಿಸೋದು, ತೀರಾ ಮಾಮೂಲಿ ಪ್ರಯೋಗ. ಅವನಿಗೆ ಕೋಳಿ ಸಿಗಲಿಲ್ಲ, ಗ್ಲಿಕ್ ಹತ್ತಿರ ಇದ್ದವನ್ನು ತೆಗೆದುಕೊಂಡ. ಪ್ರಯೋಗ ಕೆಟ್ಟಿತು. ಕೋಳಿಗಳಲ್ಲಿ ಪ್ರತಿಕಾಯವೇ ಹುಟ್ಟಲಿಲ್ಲ. ಇಬ್ಬರೂ ಕೂತು ಹಳೆ ಲೆಕ್ಕ ತೆಗೆದು ನೋಡಿದರೆ, ಕೈಕೊಟ್ಟ ಕೋಳಿಗಳೆಲ್ಲ ಮರಿಯಿದ್ದಾಗ ಬರ್ಸಾ ಕಳಕೊಂಡವು! ಅವರು ಬರೆದ ಪ್ರಬಂಧವನ್ನು ಹೆಸರಾಂತ ‘ಸೈನ್ಸ್’ ಪತ್ರಿಕೆ ತೆಗೆದುಕೊಳ್ಳಲಿಲ್ಲ. 1956ರಲ್ಲಿ ‘ಪೌಲ್ಟ್ರಿ ಸೈನ್ಸ್’ ಎಂಬ ಕೋಳಿ ಸಾಕಣೆಯ ಪತ್ರಿಕೆಯಲ್ಲಿ ಬಂತು. ವೈದ್ಯರು ಅಂಥ ಪತ್ರಿಕೆ ಓದೋದು ಕಡಿಮೆ, ಹಾಗಾಗಿ ಕೆಲವು ವರ್ಷ ಅದು ಹಾಗೇ ಮೂಲೆಯಲ್ಲಿತ್ತು.

ಮುಂದೆ 1961ರಲ್ಲಿ ಲಂಡನ್ನಿನಲ್ಲಿ ಜಾಕ್ ಮಿಲ್ಲರ್ ಎಂಬುವರು, ಆಗತಾನೇ ಹುಟ್ಟಿದ ಇಲಿಮರಿಯ ಎದೆಯೊಳಗಿನ ಥೈಮಸ್ ಗ್ರಂಥಿ ತೆಗೆದರೆ ಅದರ ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯವು ತುಂಬಾ ಕಡಿಮೆಯಾಗುತ್ತವೆ ಮತ್ತು ಅದು ಬೇರೆ ಇಲಿಯ ಚರ್ಮದ ಕಸಿಯನ್ನೂ ಬೇಡ ಅನ್ನದೆ ಇಟ್ಟುಕೊಳ್ಳುತ್ತದೆ ಅಂತ ತೋರಿಸಿದರು. ಹಾಗಾದರೆ ಕಾವಲು ಪಡೆ ಒಂದೋ ಎರಡೋ? ಇದಕ್ಕೆ ಕೋಳಿಯೇ ಉತ್ತರ ಕೊಟ್ಟಿತು. ಯಾಕೆಂದರೆ ಕೋಳಿಯಲ್ಲಿ ಎರಡು ಶಾಲೆಗಳೂ ಬೇರೆ ಬೇರೆ ಕಡೆ ಇವೆ. ಥೈಮಸ್ ಕತ್ತಿನ ಎರಡೂ ಬದಿ ಮಣಿಸರದ ಹಾಗೆ, ಒಂದೊಂದು ಬದಿ ಏಳೆಂಟು ತುಂಡು. ಬರ್ಸಾ ಬಾಲದ ಹತ್ತಿರ. ಒಂದನ್ನು ತೆಗೆದು ಇನ್ನೊಂದನ್ನು ಬಿಡಬಹುದು. ಮಿನ್ನೆಸೋಟಾದಲ್ಲಿ ಮ್ಯಾಕ್ಸ್ ಕೂಪರ್ ಮತ್ತು ರಾಬರ್ಟ್ ಗುಡ್ 1965ರಲ್ಲಿ ಅದನ್ನೇ ಮಾಡಿದರು. ಕೂಪರ್ ಮಕ್ಕಳ ಡಾಕ್ಟರು. ಪ್ರತಿಕಾಯವೇ ಇಲ್ಲದೆ ಹುಟ್ಟುವ ಮಕ್ಕಳು ಅವರ ಮನಸ್ಸಿನಲ್ಲಿದ್ದರು. ಬರ್ಸಾ ಇಲ್ಲದ ಕೋಳಿ ಪ್ರತಿಕಾಯ ಮಾಡಲಿಲ್ಲ, ಆದರೆ ಹೊರಗಿನ ಚರ್ಮವನ್ನು ಗುರುತಿಸಿ ದೂಡಿತು. ಥೈಮಸ್ ಇಲ್ಲದ ಕೋಳಿ ಇನ್ನೊಂದು ರೀತಿ ಸೋತಿತು. ಬರ್ಸಾದಿಂದ ಬಂದವು ಬಿ, ಥೈಮಸ್‌ನಿಂದ ಬಂದವು ಟಿ.

ಸಸ್ತನಿಗಳಲ್ಲಿ ಬರ್ಸಾ ಎಲ್ಲಿ ಅಂತ ಆಮೇಲೆ ಎಷ್ಟೋ ವರ್ಷ ಹುಡುಕಿದರು. ಟಾನ್ಸಿಲ್ ಇರಬಹುದಾ, ಅಪೆಂಡಿಕ್ಸ್ ಇರಬಹುದಾ ಅಂತ. 1974ರ ಹೊತ್ತಿಗೆ ಗೊತ್ತಾಯಿತು, ಇಲಿ ಮತ್ತು ಮನುಷ್ಯರಲ್ಲಿ ಬೇರೆ ಚೀಲವೇ ಇಲ್ಲ. ಗರ್ಭದಲ್ಲಿದ್ದಾಗ ಯಕೃತ್ತು, ಹುಟ್ಟಿದ ಮೇಲೆ ಮೂಳೆ ಮಜ್ಜೆ, ಅಲ್ಲೇ ಬಿ ಸೆಲ್ ತಯಾರು. ಕೂಪರ್ ಮತ್ತು ಮಿಲ್ಲರ್ ಇಬ್ಬರಿಗೂ 2019ರಲ್ಲಿ ವೈದ್ಯವಿಜ್ಞಾನದ ಹೆಸರಾಂತ ಲಾಸ್ಕರ್ ಪ್ರಶಸ್ತಿ ಬಂತು. ಇವತ್ತು ಯಾವ ಊರಿನ ಲ್ಯಾಬ್ ರಿಪೋರ್ಟಿನಲ್ಲೇ ‘ಬಿ ಸೆಲ್’ ಅಂತ ಬರೆದಿದ್ದರೂ ಅದರಲ್ಲಿ ಕೋಳಿಯ ಬಾಲದ ಹತ್ತಿರದ ಆ ಚೀಲ ಇದೆ. ಪರೀಕ್ಷೆಯಲ್ಲಿ ಧೈರ್ಯವಾಗಿ ಬರ್ಸಾ ಅಂತಲೇ ಬರೆಯಿರಿ.

ಪ್ರಶ್ನೆ: ನಮ್ಮದು 2,000 ಮರಿಗಳ ಶೆಡ್ಡು. ಕೊಕ್ಕರೆ ರೋಗಕ್ಕೆ (ರಾಣಿಖೇತ್) ಲಸೋಟಾ ಲಸಿಕೆ ತಪ್ಪದೆ ಕೊಟ್ಟಿದ್ದೆ. ಆದರೂ ಅದೇ ರೋಗ ಬಂದು ಮರಿಗಳು ಸತ್ತವು. ಡಾಕ್ಟ್ರು ಸತ್ತ ಮರಿ ಕೊಯ್ದು ನೋಡಿ, ಮೊದಲೇ ಗಂಬೋರೊ ಬಂದು ಹೋಗಿದೆ ಅಂದರು. ನಮಗೆ ಗಂಬೋರೊ ಲಕ್ಷಣ ಏನೂ ಕಾಣಲೇ ಇಲ್ಲವಲ್ಲ? – ಕೋಳಿ ಸಾಕುವವರು, ಚಿಂತಾಮಣಿ ತಾಲ್ಲೂಕು

ನಿಮ್ಮ ನಷ್ಟ ಕೇಳಿ ಬೇಜಾರಾಯಿತು. ಡಾಕ್ಟ್ರು ಹೇಳಿದ್ದರಲ್ಲಿ ಅರ್ಥ ಇದೆ. ಮೇಲಿನ ಉತ್ತರ ಓದಿದ್ದೀರಲ್ಲ, ಆ ಬರ್ಸಾವನ್ನೇ ಹುಡುಕಿಕೊಂಡು ಬರುವ ವೈರಸ್ಸು ಗಂಬೋರೊ. ಅಮೆರಿಕದ ಡೆಲವೇರ್ ರಾಜ್ಯದಲ್ಲಿ ಗಂಬೋರೊ ಎಂಬ ಊರಿನ ಸುತ್ತ ಕಂಡಿದ್ದರಿಂದ ಆ ಹೆಸರು, 1962ರಲ್ಲಿ ಅದರ ಬಗ್ಗೆ ವರದಿಯಾಯಿತು. ಬರ್ಸಾದಲ್ಲಿ ಬೆಳೆಯುತ್ತಿರುವ ಎಳೆ ಬಿ ಸೆಲ್‌ಗಳೇ ಅದರ ಊಟ.

ಮೂರರಿಂದ ಆರು ವಾರದ ನಡುವೆ ಬಂದರೆ ಮರಿ ಮಂಕಾಗುತ್ತದೆ, ಬಿಳಿ ಭೇದಿ ಮಾಡುತ್ತದೆ, ಸಾಯುತ್ತದೆ, ನಮಗೆ ಕಾಣುತ್ತದೆ. ಮೂರು ವಾರಕ್ಕಿಂತ ಮೊದಲೇ ಬಂದರೆ ಮರಿ ಎಷ್ಟೋ ಸಲ ಓಡಾಡಿಕೊಂಡೇ ಇರುತ್ತದೆ. ಹೊರಗೆ ಏನೂ ಗೊತ್ತಾಗಲ್ಲ. ಒಳಗೆ ಬಿ ಸೆಲ್‌ಗಳ ಶಾಲೆಯೇ ಸುಟ್ಟುಹೋಗಿರುತ್ತದೆ. ಆಮೇಲೆ ನೀವು ಎಷ್ಟೇ ಒಳ್ಳೆ ಲಸಿಕೆ ಕೊಟ್ಟರೂ ಅದನ್ನು ನೋಡಿ ಪ್ರತಿಕಾಯ ಮಾಡಬೇಕಾದವರೇ ಇಲ್ಲ. ಲಸಿಕೆ ಮದ್ದಲ್ಲ, ಅದು ಪಾಠ. ಕಲಿಯುವ ಸೆಲ್ ಇದ್ದರೆ ತಾನೇ ಪಾಠ?

ಕೊಯ್ದು ನೋಡಿದಾಗ ಡಾಕ್ಟರಿಗೆ ಗೊತ್ತಾಗೋದು ಹೀಗೆ. ರೋಗ ಬಂದ ಮೊದಲ ಮೂರ್ನಾಲ್ಕು ದಿನ ಬರ್ಸಾ ಊದಿ, ಮೇಲೆ ಹಳದಿ ಲೋಳೆ ಹೊದ್ದಿರುತ್ತದೆ, ಕೆಲವು ಸಲ ರಕ್ತ ಕಟ್ಟಿ ದ್ರಾಕ್ಷಿಯ ಹಾಗೆ ಕಪ್ಪಾಗಿರುತ್ತದೆ. ಎಂಟು ದಿನ ಕಳೆದರೆ ಅದೇ ಬರ್ಸಾ ಮೂರರಲ್ಲಿ ಒಂದು ಪಾಲಿಗೆ ಮುದುಡಿ ಹೋಗಿರುತ್ತದೆ. ಐದು ವಾರದ ಮರಿಯಲ್ಲಿ ನೆಲ್ಲಿಕಾಯಿ ಇರಬೇಕಾದ ಕಡೆ ಕಡಲೆಕಾಳು ಸಿಕ್ಕಿದರೆ ಅನುಮಾನ ಗಂಬೋರೊ ಮೇಲೇ.

ಮುಂದಿನ ಬ್ಯಾಚಿಗೆ ಎರಡು ಮಾತು. ಈ ವೈರಸ್ಸು ಗಟ್ಟಿ ಪಿಂಡ, ಹಳೆ ಲಿಟರ್‌ನಲ್ಲಿ (ಶೆಡ್ಡಿನ ನೆಲಕ್ಕೆ ಹಾಸಿದ ಹೊಟ್ಟಿನಲ್ಲಿ) ತಿಂಗಳುಗಟ್ಟಲೆ ಬದುಕಿರುತ್ತದೆ. ಲಿಟರ್ ಪೂರ್ತಿ ತೆಗೆದು, ತೊಳೆದು, ಶೆಡ್ಡು ಸ್ವಲ್ಪ ದಿನ ಖಾಲಿ ಬಿಡಿ. ಎರಡನೆಯದು, ಲಸಿಕೆಯ ದಿನ. ತಾಯಿ ಕೊಟ್ಟ ಪ್ರತಿಕಾಯ ಮರಿಯ ರಕ್ತದಲ್ಲಿ ಎರಡು ಮೂರು ವಾರ ಇರುತ್ತದೆ, ಆಗ ಲಸಿಕೆ ಕೊಟ್ಟರೆ ತಾಯಿಯ ಪ್ರತಿಕಾಯವೇ ಲಸಿಕೆಯನ್ನು ಹೊಡೆದುಹಾಕಬಹುದು, ತಡ ಮಾಡಿದರೆ ರೋಗ ಮೊದಲು ಬರುತ್ತದೆ. ಆ ಸಣ್ಣ ಸಂದು ಹಿಡಿಯಬೇಕು. ಮರಿ ತಂದ ಹ್ಯಾಚರಿಯಲ್ಲಿ ತಾಯಿ ಕೋಳಿಗಳಿಗೆ ಯಾವ ಲಸಿಕೆ ಆಗಿದೆ ಅಂತ ಕೇಳಿಕೊಂಡು ಡಾಕ್ಟ್ರ ಹತ್ತಿರ ದಿನ ಗೊತ್ತು ಮಾಡಿಸಿ. ನೀರಿನಲ್ಲಿ ಕೊಡುವಾಗ ಕ್ಲೋರಿನ್ ಇರುವ ನಲ್ಲಿ ನೀರು ಬೇಡ. ಕೆನೆ ತೆಗೆದ ಹಾಲಿನ ಪುಡಿ ಸ್ವಲ್ಪ ಬೆರೆಸಿ, ಲಸಿಕೆ ಕೆಡದ ಹಾಗೆ ಅದು ಕಾಪಾಡುತ್ತದೆ.

ಪ್ರಶ್ನೆ: ನಮ್ಮ ಹೇಟೆಯ ಪಾದ ಊದಿಕೊಂಡಿತ್ತು. ಕೀವು ತೆಗೆಯೋಣ ಅಂತ ಒತ್ತಿದರೆ ಏನೂ ಬರಲಿಲ್ಲ. ಒಳಗೆ ಗಟ್ಟಿ ಹಳದಿ ಗಂಟು. ಕೋಳಿಗೆ ಕೀವು ಆಗೋದೇ ಇಲ್ವಾ? – ಗೃಹಿಣಿ, ಶಿರಸಿ

ಆಗುತ್ತದೆ, ಆ ಗಂಟೇ ಕೀವು. ಇಲ್ಲಿ ನಮ್ಮ ಮತ್ತು ಹಕ್ಕಿಗಳ ನಡುವೆ ಒಂದು ಒಳ್ಳೆ ವ್ಯತ್ಯಾಸ ಇದೆ.

ಗಾಯಕ್ಕೆ ಮೊದಲು ಓಡಿ ಬರುವ ಬಿಳಿ ರಕ್ತಕಣಕ್ಕೆ ನಮ್ಮಲ್ಲಿ ನ್ಯೂಟ್ರೋಫಿಲ್ ಅಂತಾರೆ. ಹಕ್ಕಿಗಳಲ್ಲಿ ಅದೇ ಕೆಲಸಕ್ಕೆ ಇರೋದು ಹೆಟೆರೋಫಿಲ್. ಹಲ್ಲಿ, ಹಾವುಗಳಲ್ಲೂ ಇದೇ. ಬಣ್ಣ ಹಾಕಿದ ಕೋಳಿಯ ರಕ್ತವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಹೆಟೆರೋಫಿಲ್ ತಪ್ಪಿಸಿಕೊಳ್ಳೋಕೆ ಸಾಧ್ಯವೇ ಇಲ್ಲ. ಅದರ ತುಂಬಾ ಇಟ್ಟಿಗೆ ಕೆಂಪಿನ ಸಣ್ಣ ಸಣ್ಣ ಕಡ್ಡಿಗಳು, ಎರಡೂ ತುದಿ ಚೂಪು, ಭತ್ತದ ಕಾಳು ಚೆಲ್ಲಿದ ಹಾಗೆ. (ಸುತ್ತಲಿನ ಕೆಂಪು ರಕ್ತಕಣಗಳನ್ನೂ ನೋಡಿ, ಒಂದೊಂದರ ನಡುವೆಯೂ ಕೋಶಕೇಂದ್ರ ಇರುತ್ತದೆ. ನಮ್ಮ ಕೆಂಪು ಕಣಗಳು ರಕ್ತಕ್ಕೆ ಇಳಿಯುವ ಮೊದಲೇ ಅದನ್ನು ಹೊರಹಾಕಿರುತ್ತವೆ.)

ನಮ್ಮ ನ್ಯೂಟ್ರೋಫಿಲ್ ಒಳಗೆ ಮೈಲೋಪೆರಾಕ್ಸಿಡೇಸ್ ಎಂಬ ಕಿಣ್ವ ಇದೆ, ಅದರ ಬಣ್ಣವೇ ಹಸಿರು. ನಮ್ಮ ಕೀವಿಗೆ, ಸಿಂಬಳಕ್ಕೆ ಹಸಿರು ಛಾಯೆ ಬರೋದು ಅದರಿಂದ. ಕೋಳಿಯ ಹೆಟೆರೋಫಿಲ್‌ನಲ್ಲಿ ಅದಿಲ್ಲ. ಸತ್ತ ಕಣ, ಸತ್ತ ಮಾಂಸವನ್ನು ಕರಗಿಸಿ ನೀರು ಮಾಡುವ ಶಕ್ತಿಯೂ ಅದಕ್ಕೆ ಕಡಿಮೆ. ಹಾಗಾಗಿ ಅಲ್ಲೇ ಗಟ್ಟಿಯಾಗಿ, ಒಡೆದ ಹಾಲನ್ನು ಹಿಂಡಿ ಒಣಗಿಸಿದಂತೆ ಪದರ ಪದರ ಕಟ್ಟುತ್ತದೆ. ರೋಗಾಣುವನ್ನು ಸುತ್ತ ಗೋಡೆ ಕಟ್ಟಿ ಕೂಡಿಹಾಕುವ ದಾರಿ ಅದು, ಕೈಲಾಗದತನ ಅಲ್ಲ.

ದಯವಿಟ್ಟು ಒತ್ತಬೇಡಿ. ಅದು ಹರಿದು ಬರುವುದಿಲ್ಲ, ಕೋಳಿಗೆ ನೋವಾಗುತ್ತದೆ ಅಷ್ಟೇ, ಸೋಂಕು ಮೂಳೆಗೂ ಇಳಿಯಬಹುದು. ಪಶುವೈದ್ಯರು ಪಾದ ಕೊಯ್ದು ಗಂಟನ್ನೇ ಬಿಡಿಸಿ ತೆಗೆಯುತ್ತಾರೆ.

ಪ್ರಶ್ನೆ: ಕರುವಿಗೆ ಗಿಣ್ಣು ಹಾಲು ಕುಡಿಸದಿದ್ದರೆ ರೋಗ ತಡೆಯಲ್ಲ ಅಂತೀರಿ. ಕೋಳಿಗೆ ಹಾಲೇ ಇಲ್ಲ. ಅದರ ಮರಿ ಹೇಗೆ ಬದುಕುತ್ತದೆ? – ಹೈನುಗಾರ್ತಿ, ಮದ್ದೂರು

ಎಷ್ಟು ಚೆನ್ನಾಗಿ ಕೇಳಿದ್ದೀರಿ! ಕೋಳಿಯ ಗಿಣ್ಣು ಮೊಟ್ಟೆಯ ಹಳದಿಯಲ್ಲಿದೆ.

ಹಸುವಿನ ಮಾಸು ದಪ್ಪ, ಅದರಿಂದ ತಾಯಿಯ ಪ್ರತಿಕಾಯ ಕರುವಿಗೆ ದಾಟುವುದಿಲ್ಲ. ಕರು ಹುಟ್ಟುವಾಗ ಅದರ ರಕ್ತದಲ್ಲಿ ಪ್ರತಿಕಾಯ ಇಲ್ಲವೇ ಇಲ್ಲ ಅನ್ನಬಹುದು. ಎಲ್ಲಾ ಗಿಣ್ಣಿನಲ್ಲೇ ಬರಬೇಕು, ಅದೂ ಬೇಗ ಬರಬೇಕು, ಯಾಕೆಂದರೆ ಪ್ರತಿಕಾಯವನ್ನು ಇಡಿಯಾಗಿ ಒಳಗೆ ಬಿಡುವ ಕರುವಿನ ಕರುಳಿನ ಬಾಗಿಲು ಒಂದು ದಿನದೊಳಗೆ ಮುಚ್ಚಿಹೋಗುತ್ತದೆ. ಮೊದಲ ಕೆಲವೇ ಗಂಟೆಯೊಳಗೆ, 25 ಕೆಜಿ ಕರುವಿಗೆ ಎರಡರಿಂದ ಎರಡೂವರೆ ಲೀಟರ್ ಹೊಟ್ಟೆಗೆ ಹೋಗಬೇಕು. ಮನೆಯಲ್ಲಿ ಗಿಣ್ಣು ಬೇಯಿಸಿ ಅಕ್ಕಪಕ್ಕದವರಿಗೆ ಹಂಚೋದು ನಮ್ಮ ಕಡೆ ಪದ್ಧತಿ, ನನಗೂ ಅದರ ರುಚಿ ಇಷ್ಟ, ಆದರೆ ಮೊದಲ ಪಾಲು ಕರುವಿನದು, ಮಿಕ್ಕಿದ್ದು ಮಾತ್ರ ನಮ್ಮದು. ಮನುಷ್ಯರಲ್ಲಿ ಮಾಸು ತೆಳು, ಮಗು ಗರ್ಭದಲ್ಲೇ ತಾಯಿಯ ಪ್ರತಿಕಾಯ ಪಡೆದಿರುತ್ತದೆ.

ಹೇಟೆ ಮೊಟ್ಟೆ ಬೆಳೆಸುವಾಗಲೇ ತನ್ನ ರಕ್ತದ ಪ್ರತಿಕಾಯವನ್ನು ಹಳದಿಗೆ ತುಂಬುತ್ತದೆ. ಅದರ ಹೆಸರು ಐಜಿವೈ. ಕಾವು ಕೂತ 21 ದಿನದಲ್ಲಿ, ಅದರಲ್ಲೂ ಕೊನೆಯ ದಿನಗಳಲ್ಲಿ, ಅದು ಮರಿಯ ರಕ್ತಕ್ಕೆ ಇಳಿಯುತ್ತದೆ. ಮೊಟ್ಟೆಯೊಡೆದು ಬಂದ ಮರಿಯ ಹೊಟ್ಟೆಯೊಳಗೆ ಇನ್ನೂ ಸ್ವಲ್ಪ ಹಳದಿ ಉಳಿದಿರುತ್ತದೆ, ಕೊಯ್ದು ನೋಡಿದರೆ ಸಣ್ಣ ಚೀಲದಲ್ಲಿ ಕಾಣುತ್ತದೆ. ಮೊದಲ ದಿನಗಳ ಬುತ್ತಿ ಅದು.

ನನಗೆ ಇದರಲ್ಲಿ ತುಂಬಾ ಇಷ್ಟವಾದ ವಿಷಯ ಇನ್ನೊಂದಿದೆ. ಪ್ರತಿಕಾಯವನ್ನು ಹಿಡಿದು ಆಚೆಯಿಂದ ಈಚೆಗೆ ದಾಟಿಸೋಕೆ ಒಂದು ‘ಕೈ’ ಬೇಕಲ್ಲ, ನಮ್ಮ ಮಾಸಿನಲ್ಲಿ ಇರುವ ಕೈಯನ್ನೂ ಮೊಟ್ಟೆಯ ಹಳದಿ ಚೀಲದ ಗೋಡೆಯಲ್ಲಿರುವ ಕೈಯನ್ನೂ ಹೋಲಿಸಿ ನೋಡಿದರು. ಎರಡಕ್ಕೂ ಸಂಬಂಧವೇ ಇಲ್ಲ. ಬೇರೆ ಬೇರೆ ಮನೆತನದ ಪ್ರೋಟೀನುಗಳು. ಕೆಲಸ ಮಾತ್ರ ಒಂದೇ, ಕೆಲಸ ಮಾಡುವ ರೀತಿಯೂ ಹೆಚ್ಚುಕಡಿಮೆ ಒಂದೇ. ಹಕ್ಕಿಗಳ ಸಾಲಿನಲ್ಲಿ ಒಂದು ಸಲ, ಸಸ್ತನಿಗಳ ಸಾಲಿನಲ್ಲಿ ಇನ್ನೊಂದು ಸಲ, ತಾಯಿಯ ಕಾವಲನ್ನು ಮಗುವಿಗೆ ದಾಟಿಸುವ ದಾರಿ ಪ್ರತ್ಯೇಕವಾಗಿ ಹುಟ್ಟಿದೆ.

ಪ್ರಶ್ನೆ: ಕೋಳಿಯದು ಹಳೆ ಮಾದರಿ, ನಮ್ಮದು ಸುಧಾರಿಸಿದ ಮಾದರಿ ಅಂತ ಹೇಳಬಹುದಾ? ವಿಕಾಸದಲ್ಲಿ ಯಾವುದು ಮೊದಲು? – ನಿವೃತ್ತ ಶಿಕ್ಷಕರು, ಮೈಸೂರು

ಹಾಗೆ ಹೇಳಬಾರದು ಮೇಷ್ಟ್ರೇ. ಕೋಳಿ ನಮ್ಮ ಅಜ್ಜ ಅಲ್ಲ, ದಾಯಾದಿ. ಸುಮಾರು 32 ಕೋಟಿ ವರ್ಷದ ಹಿಂದೆ ಹಲ್ಲಿಯಂಥ ಒಂದು ಪ್ರಾಣಿಯ ಸಂತಾನ ಎರಡು ಕವಲಾಯಿತು. ಒಂದು ಕವಲಿನಲ್ಲಿ ಹಾವು, ಹಲ್ಲಿ, ಮೊಸಳೆ, ಡೈನೋಸಾರ್, ಆಮೇಲೆ ಹಕ್ಕಿಗಳು. ಇನ್ನೊಂದರಲ್ಲಿ ನಾವು, ಹಸು, ಇಲಿ, ಬಾವಲಿ. ಕವಲಾದ ಮೇಲೆ ಇಬ್ಬರಿಗೂ ಅಷ್ಟೇ ವರ್ಷ ಕಳೆದಿದೆ.

ಎರಡೂ ಕಡೆ ಇರೋದನ್ನೆಲ್ಲ ಬಹುಪಾಲು ಹಳೇ ಆಸ್ತಿ ಅನ್ನಬಹುದು. ಟಿ ಸೆಲ್, ಬಿ ಸೆಲ್, ಥೈಮಸ್, ರೋಗಾಣು ನುಂಗುವ ಮ್ಯಾಕ್ರೋಫೇಜ್. ನುಂಗುವ ಕಣಗಳಂತೂ ಇನ್ನೂ ಹಳೆಯವು. 1882ರಲ್ಲಿ ರಷ್ಯಾದ ವಿಜ್ಞಾನಿ ಮೆಚ್ನಿಕಾಫ್ ಇಟಲಿಯ ಸಿಸಿಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ, ಅದರ ಸುತ್ತ ಕಣಗಳು ಮುತ್ತಿಕೊಂಡಿದ್ದನ್ನು ಕಂಡರು. ನಕ್ಷತ್ರಮೀನಿಗೆ ಬೆನ್ನುಮೂಳೆಯೇ ಇಲ್ಲ!

ಟಿ ಮತ್ತು ಬಿ ಎಂಬ ಪಾಲು ಎಷ್ಟು ಹಳೆಯದು ಅನ್ನೋದಕ್ಕೆ ಲ್ಯಾಂಪ್ರಿ ಎಂಬ ದವಡೆಯಿಲ್ಲದ ಮೀನು ಸಾಕ್ಷಿ. ಅದರ ಸಾಲು ನಮ್ಮಿಂದ ಬೇರೆಯಾಗಿ 50 ಕೋಟಿ ವರ್ಷವಾಯಿತು. ಅದರಲ್ಲಿ ನಮ್ಮಂಥ ಪ್ರತಿಕಾಯ ಇಲ್ಲ. 2004ರಲ್ಲಿ ಇದೇ ಮ್ಯಾಕ್ಸ್ ಕೂಪರ್ ಬಳಗ, ಅದು ಪೂರ್ತಿ ಬೇರೆ ಬಗೆಯ ಪ್ರೋಟೀನಿನಿಂದ ರೋಗಾಣು ಗುರುತಿಸುತ್ತದೆ ಅಂತ ಕಂಡುಕೊಂಡಿತು. ಮುಂದೆ ನೋಡಿದರೆ ಅದರಲ್ಲೂ ಬಿ ಥರದ್ದು ಒಂದು, ಟಿ ಥರದ್ದು ಇನ್ನೊಂದು ಇದ್ದವು. ಅಂದರೆ ಕಣಗಳು ಎರಡು ಪಾಲಾಗಿದ್ದು ಮೊದಲು, ಅವುಗಳ ಕೈಗೆ ನಾವು ಇವತ್ತು ಕಾಣುವ ಆಯುಧ ಬಂದಿದ್ದು ಆಮೇಲೆ.

ಆ ಆಯುಧವೂ ಹೊರಗಿನಿಂದ ಬಂದದ್ದು. ಪ್ರತಿಕಾಯದ ಜೀನನ್ನು ತುಂಡು ಮಾಡಿ ಹೊಸದಾಗಿ ಜೋಡಿಸುವ ಕತ್ತರಿಯ ಹೆಸರು ರ‍್ಯಾಗ್. ಹಿಂದೆ ಅದು ಡಿಎನ್ಎಯಲ್ಲಿ ಜಾಗದಿಂದ ಜಾಗಕ್ಕೆ ತಾನೇ ಕತ್ತರಿಸಿಕೊಂಡು ಹಾರುವ ಒಂದು ತುಣುಕಾಗಿತ್ತು. ನಮ್ಮ ಪೂರ್ವಜರ ಡಿಎನ್ಎ ಅದನ್ನು ಹಿಡಿದು ಕೆಲಸಕ್ಕೆ ಹಚ್ಚಿಕೊಂಡಿತು. ಕೋಳಿಗೂ ಅದೇ ಕತ್ತರಿ, ನಮಗೂ ಅದೇ ಕತ್ತರಿ.

ಬಳಸುವ ಬಗೆ ಮಾತ್ರ ಬೇರೆ. ನಮ್ಮಲ್ಲಿ ಪ್ರತಿಕಾಯ ಹೊಲಿಯೋಕೆ ಬಟ್ಟೆಯ ಹತ್ತಾರು ತುಂಡು ಕಪಾಟಿನಲ್ಲಿ ಸಾಲಾಗಿವೆ. ಪ್ರತಿ ಬಿ ಸೆಲ್ಲೂ ಬೇರೆ ಬೇರೆ ತುಂಡು ಆರಿಸಿ ಜೋಡಿಸುತ್ತದೆ. ಕೋಳಿಯ ಕಪಾಟಿನಲ್ಲಿ ಕೆಲಸಕ್ಕೆ ಬರುವ ಮುಖ್ಯ ತುಂಡು ಒಂದೇ ಒಂದು. ಆದರೆ ಪಕ್ಕದಲ್ಲಿ ತಾವಾಗಿ ಕೆಲಸ ಮಾಡದ ಹಳೆ ಜೀನುಗಳ ರಾಶಿ ಇದೆ, ಒಂದು ಕಡೆ 25ರಷ್ಟು, ಇನ್ನೊಂದು ಕಡೆ ಸುಮಾರು 80. ಬರ್ಸಾದಲ್ಲಿ ಕೂತು ಬಿ ಸೆಲ್ ಆ ಹಳೇ ಜೀನುಗಳಿಂದ ಅಲ್ಲಿಷ್ಟು ಇಲ್ಲಿಷ್ಟು ನಕಲು ಮಾಡಿ ತನ್ನ ಒಂದೇ ಜೀನಿನ ಮೇಲೆ ತೇಪೆ ಹಾಕಿಕೊಳ್ಳುತ್ತದೆ. ನಮ್ಮ ಉತ್ತರ ಕರ್ನಾಟಕದ ಅಜ್ಜಿಯಂದಿರು ಹಳೆ ಸೀರೆಗಳಿಂದ ಕೌದಿ ಹೊಲಿಯುತ್ತಾರಲ್ಲ, ಹಾಗೆ. ಒಂದು ಕೌದಿ ಇದ್ದ ಹಾಗೆ ಇನ್ನೊಂದಿಲ್ಲ. ಬರ್ಸಾ ಯಾಕೆ ಬೇಕು ಅನ್ನೋದಕ್ಕೆ ಇದೇ ದೊಡ್ಡ ಕಾರಣ, ಅದು ಕೌದಿ ಹೊಲಿಯುವ ಜಾಗ. ಕೋಳಿ ಮೊಟ್ಟೆಯಿಡುವ ವಯಸ್ಸಿಗೆ ಬರುವಾಗ ಬರ್ಸಾ ಸೊರಗಿ ಹೋಗುತ್ತದೆ, ಅಷ್ಟರಲ್ಲಿ ಹೊಲಿದ ಕೌದಿಗಳು ಮೈತುಂಬಾ ಹರಡಿರುತ್ತವೆ.

ಹಾಗಂತ ‘ಹಕ್ಕಿಗೆ ಕೌದಿ, ಸಸ್ತನಿಗೆ ಕಪಾಟು’ ಅಂತ ಗೆರೆ ಎಳೆಯೋಕೆ ಹೋದರೆ ಮೊಲ ಅಡ್ಡ ಬರುತ್ತದೆ. ಮೊಲವೂ ತನ್ನ ಅಪೆಂಡಿಕ್ಸ್‌ನಲ್ಲಿ ಕೂತು ಕೋಳಿಯ ಹಾಗೇ ಕೌದಿ ಹೊಲಿಯುತ್ತದೆ. ಕುರಿಯ ಬಿ ಸೆಲ್‌ಗಳು ಬೆಳೆಯುವುದು ಹೆಚ್ಚಾಗಿ ಕರುಳಿನ ಗೋಡೆಯಲ್ಲಿ. ಇಲಿ ಮತ್ತು ಮನುಷ್ಯರನ್ನಷ್ಟೇ ನೋಡಿ ‘ಸಸ್ತನಿಗಳು ಹೀಗೆ’ ಅಂದುಬಿಟ್ಟರೆ ತಪ್ಪಾಗುತ್ತದೆ.

ಹೊಸ ಗಳಿಕೆ ಇಬ್ಬರಿಗೂ ಇದೆ. ಬರ್ಸಾ ಹಕ್ಕಿಗಳದ್ದು. ಕಾಲಿಗೆ ಗಾಯವಾದಾಗ ತೊಡೆಸಂದಿಯಲ್ಲಿ ಗಂಟು ಕಟ್ಟುತ್ತದಲ್ಲ, ಆ ಲಿಂಫ್ ಗಂಟುಗಳು ಸಸ್ತನಿಗಳದ್ದು. ಕೋಳಿಗೆ ಅವಿಲ್ಲ, ಬಾತಿನಂಥ ನೀರುಹಕ್ಕಿಗಳಲ್ಲಿ ಮಾತ್ರ ಸರಳವಾದ ಕೆಲವು ಇವೆ. ಹಕ್ಕಿಗಳ ಐಜಿವೈಯಂಥ ಒಂದು ಹಳೇ ಪ್ರತಿಕಾಯ ನಮ್ಮ ಸಾಲಿನಲ್ಲಿ ಎರಡಾಗಿ ಒಡೆಯಿತು, ಒಂದು ಐಜಿಜಿ, ಇನ್ನೊಂದು ಐಜಿಇ. ಈ ಐಜಿಇಯೇ ನಮಗೆ ಧೂಳಿನ ಅಲರ್ಜಿ, ಸೀನು ತರೋದು. ಅದನ್ನು ಸುಧಾರಣೆ ಅನ್ನಬೇಕೋ ಏನೋ, ಮೇಷ್ಟ್ರೇ, ಕಣ್ಣು ಮೂಗು ಸುರಿಯುವವರನ್ನು ಕೇಳಬೇಕು.

ಪ್ರಶ್ನೆ: ಹಕ್ಕಿಜ್ವರ ಬಂದರೆ ಕೋಳಿ ಸಾಲುಸಾಲಾಗಿ ಸಾಯುತ್ತವೆ, ಬಾತುಕೋಳಿಗೆ ಏನೂ ಆಗಲ್ಲ ಅಂತಾರೆ. ನಿಜವಾ? – ಆಲಪ್ಪುಳದಲ್ಲಿ ಕೆಲಸಕ್ಕಿರುವ ಕನ್ನಡಿಗ

ಅರ್ಧ ನಿಜ. ನಮ್ಮ ಕಣಗಳ ಒಳಗೆ ವೈರಸ್ಸು ನುಗ್ಗಿದ ಕೂಡಲೇ ಕೂಗಿ ಎಚ್ಚರಿಸುವ ಒಂದು ಪ್ರೋಟೀನು ಇದೆ, ಹೆಸರು ರಿಗ್-1. ಬಾತಿನಲ್ಲಿ ಅದಿದೆ, ಕೋಳಿಯಲ್ಲಿ ಇಲ್ಲ. ಕೆನಡಾದ ವಿಜ್ಞಾನಿಗಳು 2010ರಲ್ಲಿ ಇದನ್ನು ತೋರಿಸಿದರು, ಬಾತಿನ ರಿಗ್-1 ಜೀನನ್ನು ಕೋಳಿಯ ಕಣಗಳಿಗೆ ಹಾಕಿದಾಗ ಅಲ್ಲಿ ವೈರಸ್ಸು ಬೆಳೆಯೋದು ಕಡಿಮೆಯಾಯಿತು. ಹಕ್ಕಿ ಹಕ್ಕಿಗಳ ನಡುವೆಯೇ ಇಷ್ಟು ವ್ಯತ್ಯಾಸ.

ಆದರೆ ಬಾತು ಸಾಯೋದೇ ಇಲ್ಲ ಅಂತ ನಂಬಬೇಡಿ. ನೀವಿರುವ ಕಡೆಯೇ, ಕುಟ್ಟನಾಡಿನಲ್ಲಿ, 2014ರಲ್ಲಿ ಎಚ್5ಎನ್1 ಎಂಬ ಹಕ್ಕಿಜ್ವರದ ವೈರಸ್ಸು ಬಂದು ಬಾತುಗಳು ಸತ್ತವು. ಕೆಲವು ತಳಿಯ ವೈರಸ್ಸು ಬಾತನ್ನೂ ಬಿಡುವುದಿಲ್ಲ. ಇನ್ನು ಕೆಲವು ಸಲ ಬಾತು ಗಟ್ಟಿಮುಟ್ಟಾಗಿ ಓಡಾಡುತ್ತಾ ವೈರಸ್ಸನ್ನು ನೀರಿಗೆ ಬಿಡುತ್ತಿರುತ್ತದೆ, ಅದು ಇನ್ನೂ ಅಪಾಯ. ಬಾತು, ಕೋಳಿ ಒಂದೇ ಕೊಟ್ಟಿಗೆಯಲ್ಲಿ ಬೇಡ. ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ.

ಪ್ರಶ್ನೆ: ಆಂಟಿ, ಕೋಳಿಗೆ ನಿಜವಾಗ್ಲೂ ಜ್ವರ ಬರುತ್ತಾ? – ಏಳನೇ ತರಗತಿ ಹುಡುಗ, ಕುಂದಾಪುರ

ಬರುತ್ತೆ ಪುಟ್ಟ. ಆದರೆ ಕೋಳಿಯ ಮೈ ಮೊದಲೇ ತುಂಬಾ ಬಿಸಿ, ಆರೋಗ್ಯವಾಗಿದ್ದಾಗಲೇ ಸುಮಾರು 41 ಡಿಗ್ರಿ ಸೆಲ್ಸಿಯಸ್. ನಿನಗೆ ಅಷ್ಟು ಬಿಸಿ ಏರಿದರೆ ಅಮ್ಮ ಗಾಬರಿಯಾಗಿ ಆಸ್ಪತ್ರೆಗೆ ಓಡುತ್ತಾರೆ. ಜ್ವರ ಬಂದರೆ ಕೋಳಿಯದು ಇನ್ನೂ ಏರುತ್ತದೆ, ಗರಿ ಉಬ್ಬಿಸಿಕೊಂಡು ಮೂಲೆಯಲ್ಲಿ ಕೂರುತ್ತದೆ.

ಆ ಬಿಸಿಯೇ ಅದಕ್ಕೆ ಒಂದು ಕಾವಲು. ಕುರಿ, ದನಗಳನ್ನು ಕೊಲ್ಲುವ ಆಂಥ್ರಾಕ್ಸ್ ರೋಗ ಕೋಳಿಗೆ ಬರೋದಿಲ್ಲವಲ್ಲ, ಯಾಕೆ ಅಂತ ಫ್ರಾನ್ಸಿನ ಲೂಯಿ ಪಾಶ್ಚರ್ 1878ರಲ್ಲಿ ಯೋಚಿಸಿದರು. ಒಂದು ಕೋಳಿಗೆ ಆ ರೋಗಾಣು ಚುಚ್ಚಿ, ಅದನ್ನು ತಣ್ಣೀರಲ್ಲಿ ನಿಲ್ಲಿಸಿ ಮೈಯ ಬಿಸಿ ಇಳಿಸಿದರು. ಕೋಳಿ ಆಂಥ್ರಾಕ್ಸ್ ಬಂದು ಸತ್ತಿತು. ಇನ್ನೊಂದು ಕೋಳಿಗೂ ಹಾಗೇ ಮಾಡಿ, ರೋಗ ಹತ್ತಿದ ಮೇಲೆ ನೀರಿನಿಂದ ತೆಗೆದು ಒರೆಸಿ ಬೆಚ್ಚಗೆ ಇಟ್ಟರು. ಅದು ಚೇತರಿಸಿಕೊಂಡು ಎದ್ದು ಓಡಾಡಿತು.